ಗೆಲಾಕ್ಸಿಗಳ ಜೋಡಿ ಎಣಿಸಲು ಯಾವ ಸಾಫ್ಟ್‌ವೇರ್? ಬದಿಯಡ್ಕದ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವಳು. ಭೌತಶಾಸ್ತ್ರ ಎಂ.ಎಸ್‌ಸಿ ಕೊನೆಯ ವರ್ಷ. ಪ್ರಾಜೆಕ್ಟಿಗೆ ಆಕಾಶದ ನಕ್ಷೆ ಮಾಡುವ ಸ್ಲೋನ್ ಸರ್ವೆಯ 'ಬಾಸ್' (ಗೆಲಾಕ್ಸಿಗಳ ದೂರ ಅಳೆದ ಭಾಗ) ಡೇಟಾ ಇಳಿಸಿಕೊಂಡಿದ್ದೇನೆ. ಅದರಲ್ಲಿ ಸಿಮ್ಯಾಸ್ ಅನ್ನುವ ಗೆಲಾಕ್ಸಿ ಪಟ್ಟಿಯ ಉತ್ತರ ಭಾಗದ ಗೆಲಾಕ್ಸಿಗಳ ಎರಡು-ಬಿಂದು ಸಹಸಂಬಂಧ (ಕ್ಸೈ) ಅಳೆಯಬೇಕು. ಅಂದರೆ ಒಂದೊಂದು ದೂರದಲ್ಲಿ ಗೆಲಾಕ್ಸಿ ಜೋಡಿಗಳು, ಸುಮ್ಮನೆ ಚೆಲ್ಲಿದ ರ‍್ಯಾಂಡಮ್ ಬಿಂದುಗಳಿಗಿಂತ ಎಷ್ಟು ಜಾಸ್ತಿ ಅಂತ. ಪೈಥಾನ್‌ನಲ್ಲಿ ಎರಡು ಲೂಪ್ ಬರೆದು ಓಡಿಸಿದೆ. ಎಷ್ಟು ಹೊತ್ತಾದರೂ ಮುಗಿಯಲಿಲ್ಲ, ಅಷ್ಟರಲ್ಲಿ ಮಳೆಗೆ ಕರೆಂಟು ಹೋಯಿತು. ಆಮೇಲೆ 20,000 ಗೆಲಾಕ್ಸಿ ಮಾತ್ರ ತೆಗೆದುಕೊಂಡೆ. ಅವುಗಳ ಆರ್‌ಎ, ಡೆಕ್ (ಆಕಾಶದಲ್ಲಿ ರೇಖಾಂಶ, ಅಕ್ಷಾಂಶದ ಹಾಗೆ) ಮತ್ತು ದೂರ ತಿಳಿಸುವ ರೆಡ್‌ಶಿಫ್ಟ್‌ನ ಕನಿಷ್ಠ-ಗರಿಷ್ಠದ ನಡುವೆ ಅಷ್ಟೇ ರ‍್ಯಾಂಡಮ್ ಬಿಂದು ನಾನೇ ಚೆಲ್ಲಿದೆ. ಕ್ಸೈ ಬೆಲೆ ದೂರ ಹೆಚ್ಚಾದರೂ ಸೊನ್ನೆಗೆ ಇಳಿಯುವುದಿಲ್ಲ, 0.4ರ ಹತ್ತಿರ ನಿಂತುಬಿಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು 8 ಜಿಬಿ ರ‍್ಯಾಮ್. ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಸರ್?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆ ಇದೆ. ಒಂದು, ಲೆಕ್ಕ ನಿಧಾನ. ಇನ್ನೊಂದು, 0.4. ನೀವು ಕೇಳಿದ್ದು ಮೊದಲನೆಯದರ ಬಗ್ಗೆ. ಅದಕ್ಕೆ ಒಳ್ಳೆಯ, ಬಿಟ್ಟಿ ಸಾಫ್ಟ್‌ವೇರ್ ಇದೆ, ಹೇಳುತ್ತೇನೆ. ಆದರೆ ಈಗಲೇ ಅದನ್ನು ಹಾಕಿಕೊಂಡರೆ ಅದೇ 0.4 ನಿಮಗೆ ಬೇಗ ಬರುತ್ತದೆ, ಅಷ್ಟೇ. ಹಾಗಾಗಿ ಮೊದಲು ಎರಡನೆಯದನ್ನು ನೋಡೋಣ.

ನಿಮ್ಮ ಕಡೆಯವರಿಗೆ ಅಡಿಕೆ ತೋಟ ಹೊಸದಲ್ಲ, ಅಲ್ವಾ? ತೋಟದ ಪ್ರತಿಯೊಂದು ಮರವನ್ನೂ ನಕ್ಷೆಯಲ್ಲಿ ಚುಕ್ಕಿಯಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಯಾವುದೇ ಎರಡು ಮರ ತೆಗೆದು ನಡುವಿನ ದೂರ ಬರೆಯಿರಿ. ಎಲ್ಲ ಜೋಡಿಗಳಿಗೂ ಹೀಗೇ ಮಾಡಿದರೆ ಒಂಬತ್ತು ಅಡಿಯ ಹತ್ತಿರ ಜೋಡಿಗಳು ರಾಶಿ ಬೀಳುತ್ತವೆ. ಗುಂಡಿ ತೆಗೆದದ್ದೇ ಆ ಅಳತೆಗೆ. ಆದರೆ 'ರಾಶಿ' ಅನ್ನಬೇಕಾದರೆ ಯಾವುದಕ್ಕಿಂತ ಜಾಸ್ತಿ ಅಂತ ಗೊತ್ತಿರಬೇಕು. ಅದಕ್ಕೇ ಅದೇ ತೋಟದಲ್ಲಿ ಕಣ್ಣು ಮುಚ್ಚಿ ಎಸೆದ ಹಾಗೆ ಚುಕ್ಕಿ ಚೆಲ್ಲಿ, ಅವುಗಳ ಜೋಡಿಗಳನ್ನೂ ಎಣಿಸಬೇಕು. ಚೆಲ್ಲುವಾಗ ತೋಟದ ಬೇಲಿ ದಾಟಬಾರದು. ನಡುವೆ ಕೆರೆ ಇದ್ದರೆ ಕೆರೆಗೂ ಚುಕ್ಕಿ ಬೀಳಬಾರದು. ಬೇಲಿ ತಪ್ಪಿದರೆ ಮರಗಳೆಲ್ಲ ಒಂದು ಮೂಲೆಯಲ್ಲಿ ಗುಂಪುಗೂಡಿದ ಹಾಗೆ ಲೆಕ್ಕದಲ್ಲಿ ಕಾಣುತ್ತದೆ.

ನಿಮ್ಮ 0.4 ಬಂದದ್ದು ಹೀಗೆಯೇ. ಗೆಲಾಕ್ಸಿಗಳು ಅಷ್ಟು ದೂರದವರೆಗೆ ಗುಂಪುಗೂಡಿಲ್ಲ. ನಿಮ್ಮ ರ‍್ಯಾಂಡಮ್ ಬಿಂದುಗಳು ಬೇರೆಯೇ ಬೇಲಿಯೊಳಗೆ ಬಿದ್ದಿವೆ. ಮೂರು ಕಡೆ ತಪ್ಪಿದೆ. ಮೊದಲನೆಯದು, ಡೆಕ್. ಆಕಾಶ ಒಂದು ಗೋಳ. ಡೆಕ್ 60 ಡಿಗ್ರಿಯಲ್ಲಿ ಒಂದು ಡಿಗ್ರಿ ಅಗಲದ ಪಟ್ಟಿಯ ವಿಸ್ತೀರ್ಣ, ಸೊನ್ನೆ ಡಿಗ್ರಿಯ ಪಟ್ಟಿಯ ಅರ್ಧ ಮಾತ್ರ. ಡೆಕ್ ಅನ್ನು ಸಮನಾಗಿ ಚೆಲ್ಲಿದರೆ ಅಲ್ಲಿ ಬಿಂದುಗಳ ದಟ್ಟಣೆ ಎರಡು ಪಟ್ಟಾಗುತ್ತದೆ. ಸಮನಾಗಿ ಚೆಲ್ಲಬೇಕಾದದ್ದು ಡೆಕ್‌ನ ಸೈನ್ ಬೆಲೆಯನ್ನು. ಎರಡನೆಯದು, ಸರ್ವೆ ನೋಡಿದ ಆಕಾಶ ಒಂದು ಚೌಕವಲ್ಲ. ಅಂಚು ಅಂಕುಡೊಂಕು. ನಡುವೆ ಪ್ರಕಾಶಮಾನ ನಕ್ಷತ್ರಗಳಿರುವ ಕಡೆ ತೂತು ಬಿಟ್ಟಿದ್ದಾರೆ. ಮೂರನೆಯದು, ರೆಡ್‌ಶಿಫ್ಟ್. ಸಿಮ್ಯಾಸ್ ಗೆಲಾಕ್ಸಿಗಳು ದೂರದುದ್ದಕ್ಕೂ ಸಮನಾಗಿ ಇಲ್ಲ. 0.5ರ ಆಸುಪಾಸಿನಲ್ಲಿ ದಟ್ಟವಾಗಿ, ಎರಡೂ ಕಡೆಗೆ ತೆಳುವಾಗುತ್ತವೆ. ನೀವು ಚೆಲ್ಲಿದ್ದು ಎಲ್ಲ ಕಡೆ ಒಂದೇ ಸಮ.

ಇದನ್ನೆಲ್ಲ ನೀವೇ ಸರಿ ಮಾಡಬೇಕಾಗಿಲ್ಲ. ಸರ್ವೆಯವರೇ ರ‍್ಯಾಂಡಮ್ ಫೈಲ್ ಕೊಟ್ಟಿದ್ದಾರೆ. ಗೆಲಾಕ್ಸಿ ಫೈಲ್ ಇಳಿಸಿದ ಜಾಗದಲ್ಲೇ 'ರ‍್ಯಾಂಡಮ್' ಅಂತ ಶುರುವಾಗುವ ಹೆಸರಿನಲ್ಲಿ ಇರುತ್ತದೆ. ಬೇಲಿ, ತೂತು, ದೂರದ ಹಂಚಿಕೆ ಎಲ್ಲವೂ ಅದರಲ್ಲಿ ಸೇರಿದೆ. ಗೆಲಾಕ್ಸಿಗಳಿಗಿಂತ ಹತ್ತಾರು ಪಟ್ಟು ಬಿಂದುಗಳಿವೆ. ಅದರಿಂದ ಯಾದೃಚ್ಛಿಕವಾಗಿ ಆರಿಸಿ 20 ಪಟ್ಟು ಇಟ್ಟುಕೊಂಡರೆ ಸಾಕು. ಒಂದು ಎಚ್ಚರ: ಗೆಲಾಕ್ಸಿಗಳಿಗೆ ರೆಡ್‌ಶಿಫ್ಟ್ 0.43ರಿಂದ 0.70 ಅಂತ ಮಿತಿ ಹಾಕಿದರೆ ರ‍್ಯಾಂಡಮ್‌ಗೂ ಅದೇ ಮಿತಿ ಹಾಕಿ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಮರೆತ ಪ್ರಾಜೆಕ್ಟುಗಳನ್ನು ಬಹಳ ನೋಡಿದ್ದೇನೆ.

ಇಷ್ಟೊಂದು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನೀವು ಹುಡುಕುವ ಗುರುತು ತುಂಬಾ ಸಣ್ಣದು. ಗೆಲಾಕ್ಸಿ ಜೋಡಿಗಳಲ್ಲಿ ಸುಮಾರು 150 ಮೆಗಾಪಾರ್ಸೆಕ್ (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ದೂರದಲ್ಲಿ ಒಂದು ಪುಟ್ಟ ಉಬ್ಬು ಇದೆ. ವಿಶ್ವದ ಎಳೆ ವಯಸ್ಸಿನಲ್ಲಿ ಬಿಸಿ ಅನಿಲದಲ್ಲಿ ಹರಿದ ಶಬ್ದದ ಅಲೆಗಳು ಉಳಿಸಿಹೋದ ಅಳತೆ ಅದು. ಸ್ಲೋನ್ ಸರ್ವೆಯವರೂ ಆಸ್ಟ್ರೇಲಿಯಾದ ದೂರದರ್ಶಕದಿಂದ ನಡೆದ 2ಡಿಎಫ್ ಸರ್ವೆಯವರೂ 2005ರಲ್ಲಿ ಅದನ್ನು ಕಂಡರು. ಸ್ಲೋನ್ ಗುಂಪು ಆಗ ಬಳಸಿದ್ದು 46,748 ಕೆಂಪು ಗೆಲಾಕ್ಸಿಗಳನ್ನು. ಆ ಉಬ್ಬಿನ ಹತ್ತಿರ ಕ್ಸೈ ಬೆಲೆ 0.01 ಅಥವಾ ಅದಕ್ಕೂ ಕಡಿಮೆ. ಅಂದರೆ ಆ ದೂರದಲ್ಲಿ 100 ಜೋಡಿ ಇರಬೇಕಾದ ಕಡೆ 101 ಇವೆ. ರ‍್ಯಾಂಡಮ್‌ನಲ್ಲಿ ಶೇಕಡಾ ಒಂದರ ತಪ್ಪು ಇದ್ದರೂ ಉಬ್ಬು ಮುಳುಗಿಹೋಗುತ್ತದೆ. ನಿಮ್ಮ ತಪ್ಪು ಶೇಕಡಾ 40.

ತೂಕದ ಕಾಲಂಗಳನ್ನೂ ಬಿಡಬೇಡಿ. ಬಾಸ್‌ನಲ್ಲಿ ಅಲ್ಯೂಮಿನಿಯಂ ತಟ್ಟೆಗೆ ತೂತು ಕೊರೆದು, ಒಂದು ತಟ್ಟೆಗೆ 1000 ಫೈಬರ್ ಸಿಕ್ಕಿಸಿ ಬೆಳಕು ಹಿಡಿಯುತ್ತಿದ್ದರು. ಎರಡು ಫೈಬರ್ 62 ಆರ್ಕ್‌ಸೆಕೆಂಡಿಗಿಂತ ಹತ್ತಿರ ಕೂರುವುದಿಲ್ಲ. ಹಾಗಾಗಿ ಪಕ್ಕಪಕ್ಕ ಇರುವ ಎರಡು ಗೆಲಾಕ್ಸಿಗಳಲ್ಲಿ ಎಷ್ಟೋ ಸಲ ಒಂದಕ್ಕೆ ರೆಡ್‌ಶಿಫ್ಟ್ ಸಿಗಲಿಲ್ಲ. ಕೆಲವದರ ರೆಡ್‌ಶಿಫ್ಟ್ ಅಳತೆಯೇ ಸರಿಬರಲಿಲ್ಲ. ನಮ್ಮದೇ ಗೆಲಾಕ್ಸಿಯ ನಕ್ಷತ್ರಗಳು ದಟ್ಟವಾಗಿರುವ ಕಡೆ ಗೆಲಾಕ್ಸಿಗಳು ಕಡಿಮೆ ಸಿಕ್ಕಿದವು. ಇವನ್ನೆಲ್ಲ ತುಂಬಿಕೊಡಲು ಫೈಲ್‌ನಲ್ಲಿ ಬೇರೆ ಬೇರೆ ತೂಕ ಇಟ್ಟಿದ್ದಾರೆ. ಫೈಬರ್ ತೂಕ ಮತ್ತು ರೆಡ್‌ಶಿಫ್ಟ್ ತೂಕ ಕೂಡಿಸಿ, ಒಂದು ಕಳೆದು, ಅದನ್ನು ಸಿಸ್‌ಟಾಟ್ (ನಕ್ಷತ್ರ ದಟ್ಟಣೆಯಂಥ ತೊಂದರೆಗಳ) ತೂಕದಿಂದಲೂ ಎಫ್‌ಕೆಪಿ (ಗೆಲಾಕ್ಸಿ ದಟ್ಟಣೆಗೆ ತಕ್ಕಂತೆ ದೋಷ ತಗ್ಗಿಸುವ) ತೂಕದಿಂದಲೂ ಗುಣಿಸಬೇಕು. ರ‍್ಯಾಂಡಮ್‌ಗೆ ಎಫ್‌ಕೆಪಿ ತೂಕ ಮಾತ್ರ ಸಾಕು.

ಈಗ ವೇಗಕ್ಕೆ ಬರೋಣ. ಸಿಮ್ಯಾಸ್ ಉತ್ತರದಲ್ಲಿ 5 ಲಕ್ಷಕ್ಕೂ ಜಾಸ್ತಿ ಗೆಲಾಕ್ಸಿ ಇದೆ. 5 ಲಕ್ಷ ಅಂತಲೇ ಹಿಡಿದರೂ ಜೋಡಿಗಳು 12,500 ಕೋಟಿ. ಪೈಥಾನ್ ಲೂಪ್ ಸೆಕೆಂಡಿಗೆ 10 ಲಕ್ಷ ಜೋಡಿ ನೋಡುತ್ತದೆ ಅಂದುಕೊಂಡರೆ ಇದಕ್ಕೇ ಒಂದೂವರೆ ದಿನ ಬೇಕು. ಗೆಲಾಕ್ಸಿ-ರ‍್ಯಾಂಡಮ್ ಜೋಡಿಗಳಿಗೆ ಸುಮಾರು ಎರಡು ತಿಂಗಳು. 20 ಪಟ್ಟು ರ‍್ಯಾಂಡಮ್ ಅಂದರೆ 1 ಕೋಟಿ ಬಿಂದು, 50 ಲಕ್ಷ ಕೋಟಿ ಜೋಡಿ. ಅದಕ್ಕೆ ಒಂದೂವರೆ ವರ್ಷ! ನಂಪೈಯಲ್ಲಿ ಎಲ್ಲ ದೂರಗಳನ್ನೂ ಒಂದೇ ಸಲ ಮ್ಯಾಟ್ರಿಕ್ಸ್ ಮಾಡೋಣ ಅಂದರೆ ಬರೀ ಗೆಲಾಕ್ಸಿಗಳಿಗೇ 2,000 ಜಿಬಿ ಬೇಕು. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ಹಳೆಯದು ಅಂತ ಬೇಜಾರು ಮಾಡಿಕೊಳ್ಳಬೇಡಿ. ಯಾವ ಕಂಪ್ಯೂಟರಿಗೂ ಇದು ಸರಿಯಾದ ದಾರಿಯಲ್ಲ.

ಬೇಕಾದದ್ದು 150ರ ಆಸುಪಾಸಿನವರೆಗಿನ ಜೋಡಿಗಳು ಮಾತ್ರ. ಅಷ್ಟು ದೂರದೊಳಗೆ ಒಂದು ಸಿಮ್ಯಾಸ್ ಗೆಲಾಕ್ಸಿಗೆ ಸಿಗುವ ನೆರೆಯವು ಕೆಲವು ಸಾವಿರ. ಉಳಿದ ಸುಮಾರು 5 ಲಕ್ಷದ ಕಡೆ ತಿರುಗಿ ನೋಡುವುದೇ ದಂಡ. ಈ ಕೆಲಸದ ಎಲ್ಲ ಒಳ್ಳೆಯ ಸಾಫ್ಟ್‌ವೇರ್‌ಗಳೂ ದೂರದವನ್ನು ನೋಡದೆಯೇ ಬಿಟ್ಟುಬಿಡುವ ಉಪಾಯದ ಮೇಲೇ ನಿಂತಿವೆ.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ಕಾರ್‌ಫಂಕ್. ಮನೋದೀಪ್ ಸಿನ್ಹಾ ಮತ್ತು ಲೇಮನ್ ಗ್ಯಾರಿಸನ್ ಬರೆದದ್ದು, ಅದರ ಪ್ರಬಂಧ 2020ರಲ್ಲಿ ಬಂತು. ಒಳಗೆಲ್ಲ ಸಿ ಭಾಷೆ, ಹೊರಗೆ ಪೈಥಾನ್. ಅದು ಜಾಗವನ್ನು ಡಬ್ಬಿಗಳಾಗಿ ಹೆಚ್ಚುತ್ತದೆ, ಅಕ್ಕಪಕ್ಕದ ಡಬ್ಬಿಗಳನ್ನಷ್ಟೇ ಹೋಲಿಸುತ್ತದೆ. ಪ್ರೊಸೆಸರ್ ಒಂದೇ ಏಟಿಗೆ ನಾಲ್ಕು ಅಥವಾ ಎಂಟು ಜೋಡಿಗಳ ದೂರ ಲೆಕ್ಕ ಹಾಕುವ ಹಾಗೆ ಕೈಯಲ್ಲೇ ತಿದ್ದಿ ಬರೆದಿದ್ದಾರೆ. ಲ್ಯಾಪ್‌ಟಾಪ್‌ನ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಎಣಿಕೆ ಅಂದಾಜಿನದಲ್ಲ, ಒಂದು ಜೋಡಿಯೂ ತಪ್ಪುವುದಿಲ್ಲ. ವಿಂಡೋಸ್‌ನಲ್ಲಿ ನೇರವಾಗಿ ಕೂರುವುದಿಲ್ಲ. ವಿಂಡೋಸ್ ಒಳಗಿನ ಲಿನಕ್ಸ್, ಅಂದರೆ ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ. ಸಿ ಕಂಪೈಲರ್ ಮತ್ತು ಜಿಎಸ್‌ಎಲ್ ಲೈಬ್ರರಿ ಮೊದಲು ಇರಬೇಕು, ಆಮೇಲೆ ಪಿಪ್‌ನಿಂದ ಇಳಿಸಬಹುದು.

ಟ್ರೀಕಾರ್ ಕೂಡ ಒಳ್ಳೆಯದು. ಮೈಕ್ ಜಾರ್ವಿಸ್ ಬರೆದದ್ದು. ಬಿಂದುಗಳನ್ನು ಮರದಂತೆ ಕವಲು ಕವಲಾಗಿ ಜೋಡಿಸಿ, ದೂರದ ಗುಂಪುಗಳನ್ನು ಒಟ್ಟಿಗೇ ಎಣಿಸುತ್ತದೆ. ಗೆಲಾಕ್ಸಿಗಳ ಆಕಾರ ಬಾಗುವ ಲೆನ್ಸಿಂಗ್ ಕೆಲಸಕ್ಕೆ ಮತ್ತು ಕೋನದ ಅಳತೆಗೆ ನಾನು ಅದನ್ನೇ ಆರಿಸುತ್ತೇನೆ. ಅದರಲ್ಲಿ 'ಬಿನ್ ಸ್ಲಾಪ್' ಅಂತ ಒಂದು ಸೆಟ್ಟಿಂಗ್ ಇದೆ. ಸ್ವಲ್ಪ ಸಡಿಲ ಬಿಟ್ಟರೆ ಬೇಗ ಮುಗಿಯುತ್ತದೆ, ಸೊನ್ನೆ ಇಟ್ಟರೆ ನಿಖರ, ಆದರೆ ನಿಧಾನ. ನಿಮಗೆ ಬೇಕಾದದ್ದು ದೂರ ಮತ್ತು ದೃಷ್ಟಿರೇಖೆಯ ಕೋನ ಎರಡನ್ನೂ ಸೇರಿಸಿದ ಎಣಿಕೆ. ಅದಕ್ಕೆ ಕಾರ್‌ಫಂಕ್ ಸಲೀಸು. ಅಮೆರಿಕದ ಅರಿಜೋನಾದಲ್ಲಿ 5,000 ಫೈಬರ್‌ಗಳ ಡೆಸಿ ಸರ್ವೆ ನಡೆಯುತ್ತಿದೆ. ಅಲ್ಲಿನವರು ಬಳಸುವ ಪೈಕಾರ್ ಕೂಡ ಕಾರ್‌ಫಂಕ್‌ನ ತಿದ್ದಿದ ರೂಪದ ಮೇಲೇ ಕೂತಿದೆ. ಡೆಸಿಯ ಮೊದಲ ದೊಡ್ಡ ಡೇಟಾ ಕಂತು (ಡಿಆರ್1) 2025ರ ಮಾರ್ಚ್‌ನಲ್ಲಿ ಎಲ್ಲರಿಗೂ ತೆರೆಯಿತು. ಬಾಸ್ ಮುಗಿದ ಮೇಲೆ ಅದರ ಕಡೆ ಹೋಗಬಹುದು, ಈಗಲೇ ಬೇಡ.

ಕಾರ್‌ಫಂಕ್‌ನಲ್ಲಿ ನೀವು ಕರೆಯಬೇಕಾದ ಫಂಕ್ಷನ್ 'ಡಿಡಿ-ಎಸ್‌ಮ್ಯೂ-ಮಾಕ್ಸ್'. ಮೂರು ಸಲ ಕರೆಯಬೇಕು: ಗೆಲಾಕ್ಸಿ-ಗೆಲಾಕ್ಸಿಗೆ ಒಂದು, ಗೆಲಾಕ್ಸಿ-ರ‍್ಯಾಂಡಮ್‌ಗೆ ಒಂದು, ರ‍್ಯಾಂಡಮ್-ರ‍್ಯಾಂಡಮ್‌ಗೆ ಒಂದು. ಇವೇ ಪುಸ್ತಕಗಳಲ್ಲಿ ನೀವು ಓದಿದ ಡಿಡಿ, ಡಿಆರ್, ಆರ್‌ಆರ್. ಆಟೋಕಾರ್ ಅನ್ನುವ ಸ್ವಿಚ್ ಮೊದಲ ಮತ್ತು ಮೂರನೆಯದಕ್ಕೆ 1, ನಡುವಿನದಕ್ಕೆ 0. ಮೂರಕ್ಕೂ ಒಂದೇ ಬಿನ್, ಅಂದರೆ ದೂರದ ಅದೇ ಖಾನೆಗಳನ್ನು ಕೊಡಿ. 5ರಿಂದ 155ರವರೆಗೆ, 5ರ ಅಂತರದಲ್ಲಿ 30 ಬಿನ್ ಸಾಕು. ಸೊನ್ನೆಯಿಂದ ಶುರು ಮಾಡಿದರೆ ಪ್ರತಿ ಗೆಲಾಕ್ಸಿಯೂ ತನ್ನ ಜೊತೆಗೆ ತಾನೇ ಜೋಡಿಯಾಗಿ ಎಣಿಕೆಗೆ ಸೇರುತ್ತದೆ.

ದೂರವನ್ನು ಕೊಡುವಾಗ ತುಂಬಾ ಜನ ಎಡವುತ್ತಾರೆ. ಕಾರ್‌ಫಂಕ್ ತಾನಾಗಿ ರೆಡ್‌ಶಿಫ್ಟ್‌ನಿಂದ ದೂರ ಕಂಡುಹಿಡಿಯಬಲ್ಲದು, ಆದರೆ ಅದಕ್ಕೆ ಅದರೊಳಗೇ ಇಟ್ಟಿರುವ ಎರಡು ವಿಶ್ವಮಾದರಿಗಳಲ್ಲಿ ಒಂದನ್ನು ಹಿಡಿಯಬೇಕು. ಅದರ ಬದಲು ಆಸ್ಟ್ರೋಪೈ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ನೀವೇ ದೂರ ಲೆಕ್ಕ ಹಾಕಿ, 'ಇದು ಕೋಮೂವಿಂಗ್ (ವಿಶ್ವದ ಹಿಗ್ಗುವಿಕೆಯನ್ನು ಕಳೆದ) ದೂರ' ಅಂತ ಹೇಳುವ ಸ್ವಿಚ್ ಆನ್ ಮಾಡಿ ಕೊಡಿ. ಬಾಸ್‌ನವರು ಕೊನೆಯ ವಿಶ್ಲೇಷಣೆಗೆ ದ್ರವ್ಯದ ಪಾಲು 0.31 ಅಂತ ಹಿಡಿದಿದ್ದರು, ನೀವೂ ಅದನ್ನೇ ಹಿಡಿದರೆ ಹೋಲಿಸಲು ಸುಲಭ. ಆಸ್ಟ್ರೋಪೈ ಕೊಡುವುದು ಬರೀ ಮೆಗಾಪಾರ್ಸೆಕ್. ಈ ಕ್ಷೇತ್ರದಲ್ಲಿ ಎಲ್ಲರೂ ಅದನ್ನು ಎಚ್‌ನಿಂದ, ಅಂದರೆ ವಿಶ್ವ ಹಿಗ್ಗುವ ವೇಗ ಹೇಳುವ ಹಬಲ್ ಸ್ಥಿರಾಂಕದ ನೂರನೇ ಒಂದು ಪಾಲಾದ ಸುಮಾರು 0.68ರಿಂದ ಗುಣಿಸಿ ಬಳಸುತ್ತಾರೆ. ಆಗ 150ರ ಉಬ್ಬು 102ರ ಹತ್ತಿರ ಬರುತ್ತದೆ. ಗುಣಿಸಿದ ಅಳತೆಯಲ್ಲಿ ಗ್ರಾಫ್ ಹಾಕಿ 150ರಲ್ಲಿ ಉಬ್ಬು ಹುಡುಕಿ, ಇಲ್ಲ ಅಂತ ಕೈಬಿಟ್ಟವರಿದ್ದಾರೆ. ಮೇಲೆ ಹೇಳಿದ 5-155ರ ಬಿನ್‌ಗಳೂ ಮುಂದೆ ನಾನು ಹೇಳುವ ದೂರಗಳೂ ಗುಣಿಸಿದ ಅಳತೆಯವು.

ತೂಕದಲ್ಲಿ ಇನ್ನೊಂದು ಗುಪ್ತ ಹೊಂಡ. ತೂಕದ ಕಾಲಂ ಕೊಟ್ಟರೆ ಸಾಲದು, ತೂಕದ ಬಗೆ 'ಪೇರ್ ಪ್ರಾಡಕ್ಟ್' ಅಂತಲೂ ಹೇಳಬೇಕು. ಉತ್ತರದಲ್ಲಿ ಎರಡು ಕಾಲಂ ಬರುತ್ತದೆ: ಜೋಡಿಗಳ ಬರಿಯ ಸಂಖ್ಯೆ, ಮತ್ತು ಆ ಜೋಡಿಗಳ ಸರಾಸರಿ ತೂಕ. ತೂಕ ಸೇರಿದ ಎಣಿಕೆ ಅಂದರೆ ಇವೆರಡರ ಗುಣಲಬ್ಧ. ಕಾರ್‌ಫಂಕ್ ಜೊತೆಗೇ ಬರುವ, ಎಣಿಕೆಯನ್ನು ಕ್ಸೈಗೆ ತಿರುಗಿಸುವ ಸಣ್ಣ ಫಂಕ್ಷನ್‌ಗೆ ಇಡೀ ಉತ್ತರವನ್ನು ಹಾಗೇ ಕೊಟ್ಟರೆ ಅದು ಬರಿಯ ಸಂಖ್ಯೆಯನ್ನಷ್ಟೇ ನೋಡುತ್ತದೆ. ತೂಕವೆಲ್ಲ ಸುಮ್ನೆ ಹೋಗುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ನೀವೇ ಗುಣಿಸಿ, ಒಟ್ಟು ಸಂಖ್ಯೆಯ ಜಾಗದಲ್ಲಿ ತೂಕಗಳ ಮೊತ್ತ ಹಾಕಿ. ಸರಾಸರಿ ದೂರದ ಕಾಲಂ ಪೂರ್ತಿ ಸೊನ್ನೆ ಇದ್ದರೆ ಗಾಬರಿ ಬೇಡ. ಕೇಳಿದರೆ ಮಾತ್ರ ಅದನ್ನು ಲೆಕ್ಕ ಹಾಕುತ್ತದೆ.

ನೀವು ಬಹುಶಃ ಬಳಸಿದ ಸೂತ್ರ, ಡಿಡಿಯನ್ನು ಆರ್‌ಆರ್‌ನಿಂದ ಭಾಗಿಸಿ ಒಂದು ಕಳೆಯುವುದು, 1974ರದ್ದು. ತಪ್ಪಲ್ಲ, ಆದರೆ ಅಂಚಿನ ಗಲಾಟೆ ಅದರಲ್ಲಿ ಜಾಸ್ತಿ. 1993ರಲ್ಲಿ ಲ್ಯಾಂಡಿ ಮತ್ತು ಸಲೇ ಕೊಟ್ಟ ಸೂತ್ರವನ್ನೇ ಈಗ ಎಲ್ಲರೂ ಹಿಡಿಯುತ್ತಾರೆ. ಡಿಡಿಯಿಂದ ಡಿಆರ್‌ನ ಎರಡು ಪಟ್ಟು ಕಳೆದು, ಆರ್‌ಆರ್ ಕೂಡಿಸಿ, ಒಟ್ಟನ್ನು ಆರ್‌ಆರ್‌ನಿಂದ ಭಾಗಿಸುವುದು. ಮೂರನ್ನೂ ಮೊದಲು ತಂತಮ್ಮ ಒಟ್ಟು ಜೋಡಿಗಳಿಂದ ಭಾಗಿಸಿರಬೇಕು. ಕಾರ್‌ಫಂಕ್ ಆಟೋ ಎಣಿಕೆಯಲ್ಲಿ ಒಂದೊಂದು ಜೋಡಿಯನ್ನೂ ಎರಡು ಸಲ ಎಣಿಸುತ್ತದೆ. ಹಾಗಾಗಿ ಒಟ್ಟು ಜೋಡಿ ಲೆಕ್ಕ ಹಾಕುವಾಗ ಎರಡರಿಂದ ಭಾಗಿಸಬೇಡಿ. ಪ್ರತಿ ಕೋನದ ಬಿನ್‌ಗೂ ಹೀಗೆ ಕ್ಸೈ ಕಂಡುಹಿಡಿದು, ಆಮೇಲೆ ಕೋನಗಳ ಮೇಲೆ ಸರಾಸರಿ ತೆಗೆಯಿರಿ.

ಕರೆಂಟಿನ ವಿಷಯ. ಆಟಿ ಮಳೆಗೆ ನಿಮ್ಮಲ್ಲಿ ಕರೆಂಟು ನೆಚ್ಚಿಕೊಂಡು ಕೂರುವ ಹಾಗಿಲ್ಲ ಅಂತ ನನಗೆ ಗೊತ್ತು. ಗೂಗಲ್ ಕೊಲ್ಯಾಬ್‌ನಲ್ಲಿ ಓಡಿಸಿದರೂ ನಡುವೆ ಸಂಪರ್ಕ ತಪ್ಪಬಹುದು. ಇಲ್ಲಿ ಒಂದು ಚೆಂದದ ಉಪಾಯ ಇದೆ. ರ‍್ಯಾಂಡಮ್ ಫೈಲ್ ಅನ್ನು 20 ತುಂಡು ಮಾಡಿ, ಒಂದೊಂದರಲ್ಲೂ ಗೆಲಾಕ್ಸಿಗಳಷ್ಟೇ ಬಿಂದು. ಆರ್‌ಆರ್ ಎಣಿಕೆಯನ್ನು ಪ್ರತಿ ತುಂಡಿನ ಒಳಗೆ ಮಾತ್ರ ಮಾಡಿ, ತುಂಡುಗಳ ನಡುವೆ ಬೇಡ. ಆಮೇಲೆ ಎಲ್ಲವನ್ನೂ ಕೂಡಿಸಿ. ಒಂದು ತುಂಡು ಮುಗಿದ ಕೂಡಲೇ ಫೈಲ್‌ಗೆ ಉಳಿಸಿ. ಕರೆಂಟು ಹೋದರೆ ನಷ್ಟ ಒಂದೇ ತುಂಡಿನದು. ಇದು ಬರೀ ಅನುಕೂಲದ ಮಾತಲ್ಲ. 20 ಪಟ್ಟು ಬಿಂದುಗಳ ಪೂರ್ತಿ ಎಣಿಕೆ 400 ಪಟ್ಟು ಕೆಲಸ, ತುಂಡು ಮಾಡಿದರೆ 20 ಪಟ್ಟು ಮಾತ್ರ. ದೋಷ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ ಅಂತ 2019ರಲ್ಲಿ ಪ್ರಬಂಧದಲ್ಲೇ ತೋರಿಸಿದ್ದಾರೆ. ಡಿಆರ್‌ನಲ್ಲಿ ಮಾತ್ರ 20 ತುಂಡುಗಳನ್ನೂ ಗೆಲಾಕ್ಸಿಗಳ ಜೊತೆ ಎಣಿಸಬೇಕು, ಅದನ್ನೂ ತುಂಡು ತುಂಡಾಗಿ ಉಳಿಸಬಹುದು.

ಪೂರ್ತಿ ಡೇಟಾ ಹಾಕುವ ಮುಂಚೆ ಎರಡು ಪರೀಕ್ಷೆ ಮಾಡಿ. 2,000 ಬಿಂದು ತೆಗೆದು, ಸೈಪೈಯಲ್ಲಿರುವ ಸಿಕೆಡಿ-ಟ್ರೀಯಿಂದಲೂ ಕಾರ್‌ಫಂಕ್‌ನಿಂದಲೂ ಜೋಡಿ ಎಣಿಸಿ. ಸಿಕೆಡಿ-ಟ್ರೀ ಕೊಡುವುದು 'ಇಷ್ಟು ದೂರದೊಳಗೆ ಒಟ್ಟು ಎಷ್ಟು' ಅಂತ, ಆದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದು ಬಿನ್ ಮಾಡಿಕೊಳ್ಳಬೇಕು. ಎರಡೂ ಒಂದೊಂದು ಜೋಡಿಯವರೆಗೆ ತಾಳೆಯಾಗಬೇಕು. ಆಮೇಲೆ ರ‍್ಯಾಂಡಮ್ ಫೈಲ್‌ನದೇ ಒಂದು ತುಂಡನ್ನು ಗೆಲಾಕ್ಸಿ ಅಂತ ಕೊಟ್ಟು ಪೂರ್ತಿ ಲೆಕ್ಕ ಓಡಿಸಿ. ಎಲ್ಲ ದೂರದಲ್ಲೂ ಕ್ಸೈ ಸೊನ್ನೆಯ ಸುತ್ತ ಆಡಬೇಕು. ಆಡದಿದ್ದರೆ ಭಾಗಾಕಾರದಲ್ಲೋ ತೂಕದಲ್ಲೋ ಏನೋ ತಪ್ಪಿದೆ. ಇವೆರಡು ಪಾಸಾದ ಮೇಲೆ ನಿಜವಾದ ಗೆಲಾಕ್ಸಿ ಹಾಕಿ. ಕ್ಸೈ 10ರ ಆಸುಪಾಸಿನಲ್ಲಿ 1ರ ಹತ್ತಿರ, 30ರಲ್ಲಿ 0.1ರ ಸುತ್ತ ಇದ್ದರೆ ದಾರಿ ಸರಿ ಇದೆ. ಕ್ಸೈಯನ್ನು ನೇರವಾಗಿ ಗ್ರಾಫ್ ಮಾಡಿದರೆ ಉಬ್ಬು ಕಣ್ಣಿಗೆ ಬೀಳುವುದಿಲ್ಲ. ದೂರದ ವರ್ಗದಿಂದ ಗುಣಿಸಿ ಗ್ರಾಫ್ ಮಾಡಿ.

ಕೊನೆಗೆ ದೋಷಪಟ್ಟಿ, ಅಂದರೆ ಪ್ರತಿ ಬಿಂದುವಿನ ಅಳತೆ ಎಷ್ಟು ಅನಿಶ್ಚಿತ ಅಂತ ತೋರಿಸುವ ಗೆರೆ (ಎರರ್ ಬಾರ್). ಎಣಿಕೆಯ ವರ್ಗಮೂಲ ಹಾಕಿ ಬಿಡಬೇಡಿ. ಅದು ನಿಜವಾದ ದೋಷಕ್ಕಿಂತ ಬಹಳ ಚಿಕ್ಕದಾಗುತ್ತದೆ, ಅಕ್ಕಪಕ್ಕದ ಬಿನ್‌ಗಳು ಒಟ್ಟಿಗೇ ಏರಿಳಿಯುವುದೂ ಅದರಲ್ಲಿ ಕಾಣುವುದಿಲ್ಲ. ಬಾಸ್ ತಂಡ ಇದಕ್ಕೆ ಪ್ಯಾಚಿ ಅನ್ನುವ ನಕಲಿ ಕ್ಯಾಟಲಾಗ್‌ಗಳನ್ನು ಮಾಡಿತ್ತು. ಅವೂ ತೆರೆದಿವೆ, ಆದರೆ ಎಂ.ಎಸ್‌ಸಿ ಪ್ರಾಜೆಕ್ಟಿಗೆ ಜಾಕ್‌ನೈಫ್ ಸಾಕು. ಆಕಾಶವನ್ನು ತುಂಡು ಮಾಡಿ, ಪ್ರತಿ ಸಲ ಒಂದು ತುಂಡು ಬಿಟ್ಟು ಕ್ಸೈ ಲೆಕ್ಕ ಹಾಕುವುದು. ತುಂಡು ಮಾಡಲು ಟ್ರೀಕಾರ್‌ನಲ್ಲೇ ಸೌಕರ್ಯವಿದೆ. ತುಂಡುಗಳು ಬಿನ್‌ಗಳಿಗಿಂತ ಸಾಕಷ್ಟು ಜಾಸ್ತಿ ಇರಬೇಕು, ಆದರೆ ಒಂದೊಂದು ತುಂಡೂ ನೀವು ಅಳೆಯುವ ದೂರಕ್ಕಿಂತ ದೊಡ್ಡದಾಗಿರಬೇಕು. ಸಿಮ್ಯಾಸ್ ಉತ್ತರ ಸುಮಾರು 6,800 ಚದರ ಡಿಗ್ರಿ. 100 ತುಂಡು ಮಾಡಿದರೆ ಒಂದರ ಬದಿ 8 ಡಿಗ್ರಿಗೆ ಸ್ವಲ್ಪ ಜಾಸ್ತಿ. ಆ ಗೆಲಾಕ್ಸಿಗಳ ದೂರದಲ್ಲಿ ಅದು 200ಕ್ಕೂ ಮೇಲೆ, ನಿಮ್ಮ 155 ಅದರೊಳಗೆ ಕೂರುತ್ತದೆ. 400 ತುಂಡು ಮಾಡಿದರೆ ಬದಿ ಸುಮಾರು 105ಕ್ಕೆ ಇಳಿಯುತ್ತದೆ, ಆಗ ಉಬ್ಬಿನ ದೋಷವನ್ನು ನಂಬುವ ಹಾಗಿಲ್ಲ. 100ಕ್ಕೇ ನಿಲ್ಲಿಸಿ.